ಹಣದುಬ್ಬರ ಕಾಲು ಪರ್ಸೆಂಟ್ ಅಂತೆ, ಮತ್ತೆ ನಮ್ಮ ದಿನಸಿ ಚೀಟಿ ಯಾಕೆ ಇಳಿದಿಲ್ಲ?

ಪ್ರಶ್ನೆ: 2025ರ ಅಕ್ಟೋಬರ್‌ನಲ್ಲಿ ಹಣದುಬ್ಬರ ಶೇ 0.25 ಮಾತ್ರ ಅಂತ ಪೇಪರಿನಲ್ಲಿ ಓದಿದೆ. ನಮ್ಮ ಮನೆ ಖರ್ಚೇನೂ ಇಳಿದಿಲ್ಲ, ಜಾಸ್ತಿಯೇ ಆಗಿದೆ. ಈ ಲೆಕ್ಕ ಸುಳ್ಳಾ? ಮಗಳು ಎರಡನೇ ಪಿಯುಸಿ, ಸ್ಟ್ಯಾಟಿಸ್ಟಿಕ್ಸ್ ತೆಗೆದುಕೊಂಡಿದ್ದಾಳೆ. ಸೂಚ್ಯಂಕದ ಪಾಠದಲ್ಲಿ ಲ್ಯಾಸ್ಪಿಯರ್, ಪಾಶೆ, ಫಿಶರ್ ಅಂತ ಸೂತ್ರ ಬಾಯಿಪಾಠ ಮಾಡುತ್ತಾಳೆ, ಹಾಗಂದರೇನು ಅಂತ ಕೇಳಿದರೆ ‘ಪರೀಕ್ಷೆಗೆ ಬರತ್ತೆ ಅಪ್ಪಾ’ ಅನ್ನುತ್ತಾಳೆ. ಇನ್ನೊಂದು ವಿಷಯ. 2005ರ ಕೊನೆಯಲ್ಲಿ ಕೊಂಡ ಸೈಟು ಮಾರಬೇಕು ಅಂತಿದ್ದೇನೆ. ಆಡಿಟರ್ ಇಂಡೆಕ್ಸೇಷನ್ ಅಂತ ಏನೋ ಹೇಳಿದರು. ಅದೂ ಇದೂ ಒಂದೇನಾ? (ಮೈಸೂರಿನ ಓದುಗರೊಬ್ಬರು)

ಉತ್ತರ: ಲೆಕ್ಕ ಸುಳ್ಳಲ್ಲ. ನಿಮ್ಮ ಚೀಟಿಯೂ ಸುಳ್ಳಲ್ಲ. ಆ ಸಂಖ್ಯೆ ಯಾರ ಬುಟ್ಟಿಯದು (ಯಾರು ಏನೇನು, ಎಷ್ಟೆಷ್ಟು ಕೊಳ್ಳುತ್ತಾರೆ ಅನ್ನುವ ಪಟ್ಟಿ), ಯಾವ ದಿನದಿಂದ ಅಳೆದದ್ದು ಅಂತ ಹೆಡ್‌ಲೈನಿನಲ್ಲಿ ಯಾರೂ ಬರೆಯುವುದಿಲ್ಲ, ತೊಂದರೆ ಬರುವುದು ಅಲ್ಲಿ.

ಮೊದಲು ಆ 0.25 ಎಲ್ಲಿಂದ ಬಂತು ನೋಡೋಣ. ಕೇಂದ್ರದ ಅಂಕಿಅಂಶ ಇಲಾಖೆ ಪ್ರತಿ ತಿಂಗಳು 12ನೇ ತಾರೀಕಿನ ಹೊತ್ತಿಗೆ ಗ್ರಾಹಕ ಬೆಲೆ ಸೂಚ್ಯಂಕ ಪ್ರಕಟಿಸುತ್ತದೆ. ಆಗ ಇದ್ದದ್ದು 2012ರ ಬೆಲೆಯನ್ನು 100 ಅಂತ ಇಟ್ಟುಕೊಂಡ ಸರಣಿ. 2023ರ ಅಕ್ಟೋಬರ್‌ನಲ್ಲಿ ಸೂಚ್ಯಂಕ 185.3 ಇತ್ತು. 2024ರ ಅಕ್ಟೋಬರ್‌ನಲ್ಲಿ 196.8. 2025ರ ಅಕ್ಟೋಬರ್‌ನಲ್ಲಿ 197.3. ಅಂದರೆ 2012ರಲ್ಲಿ ನೂರು ರೂಪಾಯಿಗೆ ಬರುತ್ತಿದ್ದ ಸಾಮಾನಿಗೆ ಆ ತಿಂಗಳು 197 ರೂಪಾಯಿ 30 ಪೈಸೆ. ಇದು ಸೂಚ್ಯಂಕ. 196.8ರಿಂದ 197.3ಕ್ಕೆ ಹೋಗಿದ್ದು ಅರ್ಧ ಪಾಯಿಂಟು, ಶೇಕಡಾ ಲೆಕ್ಕದಲ್ಲಿ 0.25. ಇದು ಹಣದುಬ್ಬರ.

ಮಗು ಹುಟ್ಟಿದಹಬ್ಬದ ದಿನ ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ ತಲೆಯ ಮೇಲೆ ಪೆನ್ಸಿಲ್ ಗೆರೆ ಎಳೆಯುತ್ತೇವಲ್ಲ, ಆ ಗೆರೆ ಸೂಚ್ಯಂಕ. ಹೋದ ವರ್ಷದ ಗೆರೆಗೂ ಈ ವರ್ಷದ ಗೆರೆಗೂ ಇರುವ ಸಂದು ಹಣದುಬ್ಬರ. ಈ ವರ್ಷ ಎರಡು ಗೆರೆ ಒಂದರ ಮೇಲೊಂದು ಬಂದಿವೆ ಅಂದರೆ ಮಗು ಗಿಡ್ಡ ಆಯಿತು ಅಂತಲ್ಲ ಅಲ್ವಾ? ಹಣದುಬ್ಬರ ‘ಇಳಿಯಿತು’ ಅಂದಾಗ ಬೆಲೆ ಇಳಿಯಿತು ಅಂತ ಓದಿಕೊಳ್ಳುವವರೇ ಜಾಸ್ತಿ. ಓದಿದವರೂ ಹಾಗೇ ಓದುತ್ತಾರೆ.

ಇನ್ನು ಹಿಂದಿನ ವರ್ಷದ ಗೆರೆ ಎಲ್ಲಿತ್ತು ಅನ್ನುವುದೂ ಮುಖ್ಯ. 185.3ರಿಂದ 196.8 ಅಂದರೆ 2024ರ ಅಕ್ಟೋಬರ್‌ನಲ್ಲಿ ಶೇ 6.21 ಏರಿಕೆ. ಆ ತಿಂಗಳು ತರಕಾರಿ ಬೆಲೆ ಹಿಂದಿನ ವರ್ಷಕ್ಕಿಂತ ಶೇ 42.18 ಮೇಲಿತ್ತು. ಈರುಳ್ಳಿ, ಟೊಮೆಟೊ ಕೊಂಡವರಿಗೆ ನೆನಪಿರುತ್ತದೆ. ಅಷ್ಟು ಎತ್ತರದ ಗೆರೆಯಿಂದ ಅಳೆದಾಗ 2025ರ ಅಕ್ಟೋಬರ್‌ನಲ್ಲಿ ತರಕಾರಿ ಶೇ 27.57 ಇಳಿದಂತೆ ಕಂಡಿತು. ಈಗ ಎರಡನ್ನೂ ಜೋಡಿಸಿ. 2023ರಲ್ಲಿ 100 ರೂಪಾಯಿ ಇದ್ದ ತರಕಾರಿ 2024ರಲ್ಲಿ 142, ಅದರಲ್ಲಿ ಶೇ 27.57 ಕಳೆದರೆ ಹತ್ತಿರ ಹತ್ತಿರ 103. ಮೇಲೆ 42 ಹೋಗಿ ಕೆಳಗೆ 27 ಬಂದರೂ ಹೊರಟ ಜಾಗಕ್ಕಿಂತ ಸ್ವಲ್ಪ ಮೇಲೇ ನಿಂತಿದೆ. ತರಕಾರಿಗೆ ಆ ಸರಣಿಯ ಇಡೀ ಬುಟ್ಟಿಯಲ್ಲಿ ತೂಕ, ಅಂದರೆ ಒಟ್ಟು ಖರ್ಚಿನಲ್ಲಿ ಪಾಲು, ನೂರಕ್ಕೆ ಆರು ಇತ್ತು. ಆರರ ಮೇಲೆ ಶೇ 27 ಅಂದರೆ ಅಂದಾಜು ಒಂದೂವರೆ ಪಾಯಿಂಟು. ಇಡೀ ದೇಶದ ಹಣದುಬ್ಬರವನ್ನು ಅಷ್ಟು ಕೆಳಗೆ ಜಗ್ಗಿದ್ದು ಬರೀ ತರಕಾರಿ ಚೀಲ. ನಿಮ್ಮ ಮನೆಯಲ್ಲಿ ಹಿತ್ತಿಲ ಬಸಳೆ, ನುಗ್ಗೆಯೇ ಜಾಸ್ತಿ ಬೇಯುತ್ತಿದ್ದರೆ ಆ ಇಳಿಕೆ ನಿಮಗೆ ಸಿಗಲೇ ಇಲ್ಲ.

ಈಗ ಮಗಳ ಪಾಠಕ್ಕೆ ಬರೋಣ. ಸೂತ್ರ ಆಮೇಲೆ. ನಾನು ಬಹಳ ವರ್ಷ ಇದನ್ನೇ ಪಾಠ ಮಾಡಿದವನು, ಮೊದಮೊದಲು ಕ್ಲಾಸಿಗೆ ಹೋದವನೇ ಸಿಗ್ಮಾ ಪಿ-ಒನ್ ಕ್ಯೂ-ನಾಟ್ ಅಂತ ಬೋರ್ಡಿನ ಮೇಲೆ ಬರೆದುಬಿಡುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು, ಮಾರ್ಕ್ಸೂ ಬರುತ್ತಿತ್ತು, ಅರ್ಥ ಮಾತ್ರ ಯಾರಿಗೂ ಆಗುತ್ತಿರಲಿಲ್ಲ. ಆಮೇಲೆ ಒಂದು ವರ್ಷ ಮನೆಯಿಂದ ಅಂಗಡಿ ಚೀಟಿ ತರಲು ಹೇಳಿದೆ. ಅಂದಿನಿಂದ ಪಾಠ ಸಲೀಸಾಯಿತು. ಇಲ್ಲೂ ಹಾಗೇ ಮಾಡೋಣ. ಬೆಲೆಗಳು ಲೆಕ್ಕಕ್ಕಾಗಿ ನಾನು ಇಟ್ಟುಕೊಂಡದ್ದು, ಆದರೆ ನಿಮ್ಮ ಅಂಗಡಿಯ ಬೆಲೆಯಿಂದ ತೀರಾ ದೂರ ಇರಲಾರವು.

ಹೋದ ವರ್ಷ ಒಂದು ಮನೆಗೆ ತಿಂಗಳಿಗೆ ಬೇಕಾಗಿದ್ದು 20 ಕೆಜಿ ಅಕ್ಕಿ, ಕೆಜಿಗೆ 60 ರೂಪಾಯಿ. ತೊಗರಿಬೇಳೆ 4 ಕೆಜಿ, 170 ರೂಪಾಯಿ. ತೆಂಗಿನಕಾಯಿ 15, ಒಂದಕ್ಕೆ 40. ಟೊಮೆಟೊ 8 ಕೆಜಿ, 60 ರೂಪಾಯಿ. ಹಾಲು 30 ಲೀಟರ್, 42 ರೂಪಾಯಿ. ಕೂಡಿಸಿದರೆ 4,220 ರೂಪಾಯಿ. ಈ ವರ್ಷ ಅಕ್ಕಿ 62, ಬೇಳೆ 120, ಕಾಯಿ 65, ಟೊಮೆಟೊ 30, ಹಾಲು 46.

ಬೆಲೆ ಏರಿತೋ ಇಳಿಯಿತೋ?

ಸುಮ್ನೆ ಒಂದೊಂದು ಸಾಮಾನಿನ ಏರಿಳಿತ ತೆಗೆದು ಸರಾಸರಿ ಮಾಡುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಅಕ್ಕಿ 100ಕ್ಕೆ 103.3, ಬೇಳೆ 70.6, ಕಾಯಿ 162.5, ಟೊಮೆಟೊ 50, ಹಾಲು 109.5. ಐದನ್ನೂ ಕೂಡಿಸಿ ಐದರಿಂದ ಭಾಗಿಸಿದರೆ 99.2. ಬೆಲೆ ಇಳಿದಿದೆ! ಆದರೆ ಈ ಲೆಕ್ಕದಲ್ಲಿ ಟೊಮೆಟೊಗೂ ಅಕ್ಕಿಗೂ ಒಂದೇ ಮರ್ಯಾದೆ. ತಿಂಗಳಿಗೆ 1,200 ರೂಪಾಯಿ ಅಕ್ಕಿಗೆ ಹೋಗುತ್ತದೆ, 480 ರೂಪಾಯಿ ಟೊಮೆಟೊಗೆ. ಎರಡಕ್ಕೂ ಒಂದೊಂದು ಓಟು ಕೊಟ್ಟರೆ ಹೇಗೆ?

ಎರಡನೇ ದಾರಿ: ಹೋದ ವರ್ಷ ಕೊಂಡ ಅದೇ ಬುಟ್ಟಿ, ಒಂದು ಕಾಯಿ ಹೆಚ್ಚಿಲ್ಲ ಕಡಿಮೆಯಿಲ್ಲ, ಈ ವರ್ಷದ ಬೆಲೆಗೆ ಎಷ್ಟಾಗುತ್ತದೆ? 4,315 ರೂಪಾಯಿ. ಹೋದ ವರ್ಷದ 4,220ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 102.3. ಬೆಲೆ ಏರಿದೆ. ಇದೇ ಲ್ಯಾಸ್ಪಿಯರ್. ಜರ್ಮನಿಯ ಎಟಿಯೆನ್ ಲ್ಯಾಸ್ಪಿಯರ್ 1871ರಲ್ಲಿ ಹೇಳಿದ್ದು ಇಷ್ಟೇ: ಹಳೇ ಬುಟ್ಟಿ, ಹೊಸ ಬೆಲೆ.

ಆದರೆ ಕಾಯಿ 65 ರೂಪಾಯಿ ಆದಮೇಲೂ ಯಾರು ಹದಿನೈದು ಕಾಯಿ ತರುತ್ತಾರೆ? ಆ ಮನೆಯವರು ಹತ್ತಕ್ಕೆ ಇಳಿಸಿದರು. ಬೇಳೆ ಅಗ್ಗ ಆಯಿತಲ್ಲ, 5 ಕೆಜಿ ತಂದರು. ಟೊಮೆಟೊ 10 ಕೆಜಿ. ಅಕ್ಕಿ, ಹಾಲು ಅಷ್ಟೇ. ಈ ಹೊಸ ಬುಟ್ಟಿಗೆ ಈಗ 4,170 ರೂಪಾಯಿ. ಇದೇ ಬುಟ್ಟಿಯನ್ನು ಹೋದ ವರ್ಷದ ಬೆಲೆಗೆ ಕೊಂಡಿದ್ದರೆ 4,310 ಆಗುತ್ತಿತ್ತು. ಭಾಗಿಸಿದರೆ 96.8. ಬೆಲೆ ಇಳಿದಿದೆ, ಅದೂ ಶೇ 3ಕ್ಕಿಂತ ಜಾಸ್ತಿ! ಇದು ಹರ್ಮನ್ ಪಾಶೆ 1874ರಲ್ಲಿ ಹೇಳಿದ ದಾರಿ: ಹೊಸ ಬುಟ್ಟಿಯನ್ನೇ ಎರಡೂ ವರ್ಷಕ್ಕೆ ಹಿಡಿಯುವುದು.

ಅದೇ ಮನೆ, ಅದೇ ಅಂಗಡಿ, ಅದೇ ಬೆಲೆ. ಒಂದು ದಾರಿಯಲ್ಲಿ 102.3, ಇನ್ನೊಂದರಲ್ಲಿ 96.8. ಯಾವುದು ಸರಿ? ಎರಡೂ ಸರಿ, ಎರಡಕ್ಕೂ ಒಂದೊಂದು ಕುರುಡು. ಲ್ಯಾಸ್ಪಿಯರ್‌ಗೆ ಜನ ತುಟ್ಟಿಯಾದದ್ದನ್ನು ಕಡಿಮೆ ಮಾಡಿ ಅಗ್ಗವಾದದ್ದನ್ನು ಜಾಸ್ತಿ ಕೊಳ್ಳುತ್ತಾರೆ ಅನ್ನುವುದು ಕಾಣುವುದಿಲ್ಲ, ಹಾಗಾಗಿ ಏರಿಕೆಯನ್ನು ಸ್ವಲ್ಪ ದೊಡ್ಡದು ಮಾಡಿ ತೋರಿಸುತ್ತದೆ. ಪಾಶೆಗೆ ಚಟ್ನಿ ತೆಳುವಾದದ್ದು ಕಾಣುವುದಿಲ್ಲ. ಐದು ಕಾಯಿ ಕಡಿಮೆ ತಂದದ್ದು ಆ ಮನೆಯವರಿಗೆ ಉಳಿತಾಯ ಅಲ್ಲ, ಹೊಟ್ಟೆ ಕಟ್ಟಿದ್ದು. ಪಾಶೆ ಅದನ್ನು ‘ಈಗ ಅವರಿಗೆ ಇಷ್ಟೇ ಸಾಕು’ ಅಂತ ಓದಿಕೊಳ್ಳುತ್ತದೆ. ಅಮೆರಿಕದ ಇರ್ವಿಂಗ್ ಫಿಶರ್ ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ ನಡುವಿನದು ಸಿಗುತ್ತದೆ ಅಂದರು. ನಮ್ಮ ಲೆಕ್ಕದಲ್ಲಿ 99.5. 1922ರಲ್ಲಿ ಅವರು ಇದನ್ನು ‘ಆದರ್ಶ’ ಸೂತ್ರ ಅಂತಲೇ ಕರೆದರು. ಮಗಳ ಪುಸ್ತಕದಲ್ಲಿ ಬರುವ ಕಾಲ ವಿಪರ್ಯಯ ಪರೀಕ್ಷೆ ಇದೆಯಲ್ಲ, ಹಿಂದಿನಿಂದ ಮುಂದಕ್ಕೆ ತೆಗೆದ ಸೂಚ್ಯಂಕವನ್ನು ಮುಂದಿನಿಂದ ಹಿಂದಕ್ಕೆ ತೆಗೆದದ್ದರಿಂದ ಗುಣಿಸಿದರೆ ಒಂದು ಬರಬೇಕು ಅನ್ನುವುದು, ಅದರಲ್ಲಿ ಫಿಶರ್ ಪಾಸು, ಉಳಿದಿಬ್ಬರು ಫೇಲು. ಈ ಚೀಟಿಯಲ್ಲೇ ಅವಳು ಮಾಡಿ ನೋಡಲಿ, ಹತ್ತು ನಿಮಿಷದ ಕೆಲಸ.

ಹಾಗಾದರೆ ಸರ್ಕಾರ ಯಾಕೆ ಫಿಶರ್ ಬಳಸುವುದಿಲ್ಲ? ಪ್ರತಿ ತಿಂಗಳ ಬೆಲೆ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಪ್ರತಿ ತಿಂಗಳು ಯಾವ ಮನೆ ಎಷ್ಟು ಕೊಂಡಿತು ಅನ್ನುವುದು ಸಿಗುವುದಿಲ್ಲ. ಅದಕ್ಕೆ ಲಕ್ಷಾಂತರ ಮನೆ ಬಾಗಿಲು ತಟ್ಟಿ ಸಮೀಕ್ಷೆ ಮಾಡಬೇಕು. ಹಾಗಾಗಿ ಒಮ್ಮೆ ಸಮೀಕ್ಷೆ ಮಾಡಿ ಬುಟ್ಟಿ ಕಟ್ಟುತ್ತಾರೆ, ಆಮೇಲೆ ವರ್ಷಗಟ್ಟಲೆ ಅದೇ ಬುಟ್ಟಿ. ಲ್ಯಾಸ್ಪಿಯರ್ ದಾರಿ ಅನುಕೂಲಕ್ಕೆ ಬಂದದ್ದು.

ಬುಟ್ಟಿ ಹಳತಾಗುವುದೇ ನನಗೆ ಕಾಣುವ ದೊಡ್ಡ ತೊಂದರೆ. 2012ರ ಸರಣಿಯ ತೂಕಗಳು ಬಂದದ್ದು 2011–12ರ ಮನೆಖರ್ಚಿನ ಸಮೀಕ್ಷೆಯಿಂದ. ಅದರಲ್ಲಿ ಟೇಪ್ ರೆಕಾರ್ಡರ್ ಕೂಡ ಇತ್ತು. ಆಹಾರಕ್ಕೆ ಒಟ್ಟು ತೂಕ 45.86, ಹಳ್ಳಿಗೆ ಬೇರೆ ತೆಗೆದರೆ 54.18, ಪೇಟೆಗೆ 36.29. ಆದರೆ 2023–24ರ ಸಮೀಕ್ಷೆ ಮಾಡಿದಾಗ ಹಳ್ಳಿಯ ಮನೆಯಲ್ಲೂ ಖರ್ಚಿನ ಶೇ 47 ಮಾತ್ರ ಊಟಕ್ಕೆ ಹೋಗುತ್ತಿತ್ತು. ಉಳಿದದ್ದು ಬೈಕು, ಪೆಟ್ರೋಲು, ಮೊಬೈಲು, ಫೀಸು, ಆಸ್ಪತ್ರೆ. ನಮ್ಮ ಕೈ ಬದಲಾಗಿತ್ತು, ಬುಟ್ಟಿ ಬದಲಾಗಿರಲಿಲ್ಲ. ಹಾಗಾಗಿಯೇ ಟೊಮೆಟೊ ಏರಿದರೆ ಹಣದುಬ್ಬರ ವಿಪರೀತ ಹಾರುತ್ತಿದ್ದದ್ದು, ಇಳಿದರೆ ವಿಪರೀತ ಕುಸಿಯುತ್ತಿದ್ದದ್ದು. 2024ನ್ನು ಅಡಿ ವರ್ಷ (100 ಅಂತ ಇಡುವ ವರ್ಷ) ಮಾಡಿಕೊಂಡು 2026ರಲ್ಲಿ ಬಂದ ಹೊಸ ಸರಣಿಗೆ ತೂಕ ಈ 2023–24ರ ಸಮೀಕ್ಷೆಯದೇ. ಹನ್ನೆರಡು ವರ್ಷ ತಡವಾಯಿತು ಅಂತ ನನ್ನ ಅಭಿಪ್ರಾಯ, ಐದೈದು ವರ್ಷಕ್ಕೆ ಬುಟ್ಟಿ ಬಿಚ್ಚಿ ಕಟ್ಟಬೇಕು.

ಬಾಡಿಗೆಯ ಕಥೆ ಇನ್ನೂ ವಿಚಿತ್ರ. 2012ರ ಸರಣಿಯಲ್ಲಿ ಪೇಟೆಯ ಬುಟ್ಟಿಯಲ್ಲಿ ಮನೆ ಬಾಡಿಗೆಗೆ 21.67 ತೂಕ ಇತ್ತು, ಹಳ್ಳಿಯ ಬುಟ್ಟಿಯಲ್ಲಿ ಸೊನ್ನೆ. ಬೆಂಗಳೂರಿನಲ್ಲಿ ಸಂಬಳದ ಮೂರನೇ ಒಂದು ಭಾಗ ಬಾಡಿಗೆಗೆ ಕೊಡುವ ಹುಡುಗನಿಗೆ ಈ ತೂಕ ಕಡಿಮೆ. ಮೈಸೂರಿನಲ್ಲಿ ಅಪ್ಪ ಕಟ್ಟಿದ ಮನೆಯಲ್ಲಿ ಇರುವವರಿಗೆ ಅದೇ ತೂಕ ಜಾಸ್ತಿ. ಚಿನ್ನ ನೋಡಿ, ಆ ಬುಟ್ಟಿಯಲ್ಲಿ ಅದಕ್ಕೆ ನೂರಕ್ಕೆ ಹತ್ತಿರ ಹತ್ತಿರ ಒಂದು ತೂಕ ಇತ್ತು. 2025ರಲ್ಲಿ ಮಗಳ ಮದುವೆ ಮಾಡಿದ ಮನೆಯ ಬುಟ್ಟಿಯಲ್ಲಿ ಚಿನ್ನ ಬಿಟ್ಟು ಬೇರೇನಿತ್ತು?

ಒಂದೇ ಮನೆಯೊಳಗೂ ಎರಡು ಬುಟ್ಟಿ ಇರುತ್ತವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. 2025ರ ಜನವರಿ 5ರಿಂದ ಬಸ್ ಟಿಕೆಟ್ ದರ ಶೇ 15 ಏರಿತು. ಮೈಸೂರಿನಿಂದ ನಂಜನಗೂಡಿಗೆ ದಿನಾ ಓಡಾಡುವ ಗಂಡ ಹೆಂಡತಿ ಇದ್ದಾರೆ ಅಂದುಕೊಳ್ಳಿ. ಗಂಡನ ಬಸ್ ಸೂಚ್ಯಂಕ 115, ಹೆಂಡತಿಯದು 2023ರಿಂದ ಸೊನ್ನೆ. ದೇಶದ ಸೂಚ್ಯಂಕಕ್ಕೆ ಇವರಿಬ್ಬರೂ ಸೇರಿ ಒಂದು ಚಿಕ್ಕ ಚುಕ್ಕೆ.

ಬೆಲೆ ಕೇಳುವುದೂ ಅಂದುಕೊಂಡಷ್ಟು ಸುಲಭ ಅಲ್ಲ. ನಂದಿನಿ ಹಾಲಿನ ನೀಲಿ ಪ್ಯಾಕೆಟ್ ತೆಗೆದುಕೊಳ್ಳಿ. 2024ರ ಜೂನ್‌ವರೆಗೆ ಲೀಟರಿಗೆ 42 ರೂಪಾಯಿ. ಆ ತಿಂಗಳ ಕೊನೆಗೆ ಕೆಎಂಎಫ್ ಲೀಟರ್ ಪ್ಯಾಕೆಟ್ಟಿಗೆ 50 ಎಂಎಲ್ ಜಾಸ್ತಿ ತುಂಬಿ ಬೆಲೆ 44 ಮಾಡಿತು. ಊರೆಲ್ಲ ಹಾಲು ಎರಡು ರೂಪಾಯಿ ತುಟ್ಟಿ ಅಂತ ಗಲಾಟೆ. 44ನ್ನು 1.05ರಿಂದ ಭಾಗಿಸಿ ನೋಡಿ, ಲೀಟರಿಗೆ 41 ರೂಪಾಯಿ 90 ಪೈಸೆ. ಸೂಚ್ಯಂಕದವರು ಅದನ್ನು ಏರಿಕೆ ಅಂತ ಬರೆಯುವ ಹಾಗಿಲ್ಲ, ಅಳತೆ ಬದಲಾದರೆ ಅಷ್ಟೇ ಅಳತೆಗೆ ಇಳಿಸಿಯೇ ಹೋಲಿಸಬೇಕು. 2025ರ ಏಪ್ರಿಲ್ 1ಕ್ಕೆ ಆ 50 ಎಂಎಲ್ ವಾಪಸ್ ಹೋಯಿತು, ಪ್ಯಾಕೆಟ್ 46 ಆಯಿತು. ಗಿರಾಕಿಯ ಕಣ್ಣಿಗೆ ಮತ್ತೆ ಎರಡೇ ರೂಪಾಯಿ. ಸೂಚ್ಯಂಕದ ಕಣ್ಣಿಗೆ 41.90ರಿಂದ 46, ಶೇ 9.8 ಏರಿಕೆ ಒಂದೇ ಏಟಿಗೆ. ಬೇಕಿಲ್ಲದಿದ್ದರೂ ಜಾಸ್ತಿ ಹಾಲು ಕೊಂಡ ಮನೆಯವರು ಮೊದಲ ಸಲವೇ ಎರಡು ರೂಪಾಯಿ ಕಳೆದುಕೊಂಡದ್ದೂ ನಿಜ. ಬಿಸ್ಕತ್ತು, ಸೋಪಿನಲ್ಲಿ ಇದೇ ಆಟ ತಲೆಕೆಳಗಾಗಿ ನಡೆಯುತ್ತದೆ: ಹತ್ತು ರೂಪಾಯಿ ಹತ್ತೇ ಇರುತ್ತದೆ, ಗ್ರಾಂ ಕರಗುತ್ತದೆ.

ಉಪಯೋಗದ ವಿಷಯ. ಸೂಚ್ಯಂಕ ಹುಟ್ಟಿದ್ದೇ ಇಂಥದ್ದೊಂದು ಪ್ರಶ್ನೆಗೆ ಉತ್ತರವಾಗಿ ಅನ್ನಬಹುದು. ಇಂಗ್ಲೆಂಡಿನ ಒಂದು ಕಾಲೇಜಿನಲ್ಲಿ 15ನೇ ಶತಮಾನದ ನಿಯಮ, ವರ್ಷಕ್ಕೆ ಐದು ಪೌಂಡಿಗಿಂತ ಹೆಚ್ಚು ಸ್ವಂತ ಆದಾಯ ಇರುವವನು ಫೆಲೋ (ಕಾಲೇಜಿನ ಖರ್ಚಿನಲ್ಲಿ ಇರುವ ವಿದ್ವಾಂಸ) ಆಗಿ ಉಳಿಯುವ ಹಾಗಿಲ್ಲ. ಇನ್ನೂರೈವತ್ತು ವರ್ಷ ಆದಮೇಲೆ ಐದು ಪೌಂಡು ಅಂದರೆ ಏನೂ ಅಲ್ಲ. ಹಾಗಾದರೆ ಆರು ಪೌಂಡು ಇರುವವನು ಜಾಗ ಬಿಡಬೇಕಾ? 1707ರಲ್ಲಿ ವಿಲಿಯಂ ಫ್ಲೀಟ್‌ವುಡ್ ಎಂಬ ಪಾದ್ರಿ ಕೂತು, ಆ ಕಾಲದಲ್ಲಿ ಐದು ಪೌಂಡಿಗೆ ಎಷ್ಟು ಧಾನ್ಯ, ಮಾಂಸ, ಬಟ್ಟೆ ಬರುತ್ತಿತ್ತು, ಈಗ ಅಷ್ಟೇ ಕೊಳ್ಳಲು ಎಷ್ಟು ಬೇಕು ಅಂತ ಹಳೆಯ ಲೆಕ್ಕಪುಸ್ತಕ ಕೆದಕಿ ಬರೆದರು. ನಿಯಮದಲ್ಲಿನ ಐದು ಪೌಂಡನ್ನು ಅದು ಕೊಳ್ಳುತ್ತಿದ್ದ ಸಾಮಾನಿನಿಂದ ಅಳೆಯಬೇಕು ಅನ್ನುವುದು ಅವರ ವಾದ. ನಿಮ್ಮ ಆಡಿಟರ್ ಹೇಳುವ ಇಂಡೆಕ್ಸೇಷನ್, ಅಂದರೆ ಹಳೆಯ ಬೆಲೆಯನ್ನು ಸೂಚ್ಯಂಕಕ್ಕೆ ತಕ್ಕಷ್ಟು ಏರಿಸಿ ಹಿಡಿಯುವುದು, ಇದರ ಮರಿಮೊಮ್ಮಗ. ಅದಕ್ಕೆ ಕೊನೆಗೆ ಬರುತ್ತೇನೆ.

ಸಂಬಳಕ್ಕೆ ಸೂಚ್ಯಂಕ ಕಟ್ಟುವುದೂ ಹಳೆಯ ಉಪಾಯ. ಅಮೆರಿಕದ ಮ್ಯಾಸಚೂಸೆಟ್ಸ್ 1780ರಲ್ಲಿ ಸೈನಿಕರಿಗೆ ಕೊಟ್ಟ ಸಾಲಪತ್ರದಲ್ಲಿ ಮೆಕ್ಕೆಜೋಳ, ದನದ ಮಾಂಸ, ಕುರಿಯ ಉಣ್ಣೆ, ಚಪ್ಪಲಿ ತೊಗಲು, ಇವಿಷ್ಟರ ಬೆಲೆ ಏರಿದಷ್ಟು ಹಣವೂ ಏರುತ್ತದೆ ಅಂತ ಬರೆದಿತ್ತು. ನಮ್ಮಲ್ಲಿ ಇದರ ಹೆಸರು ತುಟ್ಟಿಭತ್ಯೆ (ಡಿಎ). ಕೇಂದ್ರ ನೌಕರರ ತುಟ್ಟಿಭತ್ಯೆಗೆ ಬಳಸುವುದು ಪೇಪರಿನಲ್ಲಿ ಬರುವ ಆ ಗ್ರಾಹಕ ಸೂಚ್ಯಂಕ ಅಲ್ಲ. ಕಾರ್ಮಿಕ ಬ್ಯೂರೋದವರು ಕೈಗಾರಿಕಾ ಕಾರ್ಮಿಕರಿಗೆ ಅಂತ 88 ಕೇಂದ್ರಗಳ ಬೆಲೆ ಹಿಡಿದು ತೆಗೆಯುವ ಬೇರೆ ಸೂಚ್ಯಂಕ, ಬೆಂಗಳೂರು ಆ ಕೇಂದ್ರಗಳಲ್ಲೊಂದು. ಹನ್ನೆರಡು ತಿಂಗಳ ಸರಾಸರಿ 144 ಅಂದುಕೊಳ್ಳಿ. ಅದು 2016ನ್ನು ನೂರಾಗಿಟ್ಟ ಲೆಕ್ಕ. ಹಳೆಯ 2001ರ ಲೆಕ್ಕಕ್ಕೆ ತರಲು 2.88ರಿಂದ ಗುಣಿಸಬೇಕು, 414.72. ಏಳನೇ ವೇತನ ಆಯೋಗದ ಹೊತ್ತಿನ ಸೂಚ್ಯಂಕ 261.42. ಎರಡರ ವ್ಯತ್ಯಾಸವನ್ನು 261.42ರಿಂದ ಭಾಗಿಸಿದರೆ ಶೇ 58.64, ದಶಮಾಂಶ ಬಿಟ್ಟು 58. ವರ್ಷಕ್ಕೆ ಎರಡು ಸಲ, ಜನವರಿಗೆ ಮತ್ತು ಜುಲೈಗೆ, ಈ ಲೆಕ್ಕ. 2025ರ ಜುಲೈನಿಂದ ಸಿಕ್ಕಿದ್ದು ಆ 58ನೇ.

ಆ 2.88 ಯಾಕೆ ಬೇಕು ಅನ್ನುವುದಕ್ಕೆ ಒಂದು ಘಟನೆ. 2020ರ ಆಗಸ್ಟ್‌ನಲ್ಲಿ ಈ ಸೂಚ್ಯಂಕ 338 ಇತ್ತು, ಮುಂದಿನ ತಿಂಗಳದು ಬಂದಾಗ 118.1. ಯೂನಿಯನ್ ಕೆಲಸದಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಾತ್ರಿ ಫೋನ್ ಮಾಡಿ, ‘ಸರ್, 220 ಪಾಯಿಂಟು ಬಿದ್ದುಹೋಯಿತು, ಡಿಎ ಹೋಯ್ತಾ?’ ಅಂತ ಕೇಳಿದ. ಬಿದ್ದಿರಲಿಲ್ಲ, ಅಡಿ ವರ್ಷ 2001ರಿಂದ 2016ಕ್ಕೆ ಬದಲಾಗಿತ್ತು ಅಷ್ಟೇ. 118.1 ಗುಣಿಸು 2.88, ಬರುವುದು 340. ಎರಡು ಪಾಯಿಂಟು ಏರಿತ್ತು! ಎರಡು ಸೂಚ್ಯಂಕ ಹೋಲಿಸುವ ಮೊದಲು ಎರಡರ ಅಡಿ ವರ್ಷವೂ ಒಂದೇನಾ ಅಂತ ನೋಡಬೇಕು, ಇಲ್ಲದಿದ್ದರೆ ಫೂಟಿನಲ್ಲಿ ಅಳೆದದ್ದನ್ನು ಮೀಟರಿನಲ್ಲಿ ಅಳೆದದ್ದರಿಂದ ಕಳೆದ ಹಾಗಾಗುತ್ತದೆ. ಸರ್ಕಾರಿ ನೌಕರರಿಗಷ್ಟೇ ಅಲ್ಲ, ನಮ್ಮ ರಾಜ್ಯದ ಕನಿಷ್ಠ ಕೂಲಿಯಲ್ಲೂ ಸೂಚ್ಯಂಕಕ್ಕೆ ಕಟ್ಟಿದ ತುಟ್ಟಿಭತ್ಯೆ ಇದೆ, ಪಾಯಿಂಟಿಗೆ ದಿನಕ್ಕೆ ಇಷ್ಟು ಪೈಸೆ ಅಂತ, ಏಪ್ರಿಲ್‌ನಿಂದ ಹೊಸ ದರ. ಗಾರ್ಮೆಂಟ್ಸ್‌ಗೆ ಹೋಗುವವರ ಸಂಬಳದ ಚೀಟಿಯಲ್ಲಿ ವಿಡಿಎ ಅಂತ ಒಂದು ಸಾಲು ಇರುತ್ತದೆ ನೋಡಿ, ಅದೇ.

ಮೊದಲು ಹೇಳಿದ ಗ್ರಾಹಕ ಸೂಚ್ಯಂಕಕ್ಕೆ ಇನ್ನೊಬ್ಬ ದೊಡ್ಡ ಗಿರಾಕಿ ರಿಸರ್ವ್ ಬ್ಯಾಂಕು. 2016ರಿಂದ ಅದಕ್ಕೆ ಹಣದುಬ್ಬರ ಶೇ 4ರ ಹತ್ತಿರ ಇಡಬೇಕು, 2ಕ್ಕಿಂತ ಕೆಳಗೆ 6ಕ್ಕಿಂತ ಮೇಲೆ ಹೋಗಬಾರದು ಅನ್ನುವ ಗುರಿ. 2025ರಲ್ಲಿ ಸಂಖ್ಯೆ ಇಳಿಯುತ್ತಾ ಹೋದ ಹಾಗೆ ರೆಪೊ ದರ (ಅದು ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ) ಫೆಬ್ರುವರಿಯಿಂದ ಜೂನ್‌ವರೆಗೆ 6.5ರಿಂದ 5.5ಕ್ಕೆ ಬಂತು. ಮನೆ ಸಾಲ ರೆಪೊಗೆ ಕಟ್ಟಿದ್ದರೆ ನಿಮ್ಮ ಕಂತಿನ ಮೇಲೂ ತರಕಾರಿ ಚೀಲದ ನೆರಳು ಬಿದ್ದಿದೆ.

ಸಗಟು ಬೆಲೆ ಸೂಚ್ಯಂಕ ಬೇರೆ. ಅದರಲ್ಲಿ ಶಾಲೆ ಫೀಸಿಲ್ಲ, ಡಾಕ್ಟರ್ ಇಲ್ಲ, ಬಸ್ಸಿಲ್ಲ, ಕಾರ್ಖಾನೆ ಸಾಮಾನಿಗೇ 64.23 ತೂಕ. ವ್ಯಾಪಾರಿಗಳಿಗೆ, ಗುತ್ತಿಗೆದಾರರಿಗೆ ಅದು ಬೇಕು, ಮನೆ ನಡೆಸುವವರಿಗೆ ಅಷ್ಟಾಗಿ ಬೇಡ. ಸೆನ್ಸೆಕ್ಸೂ ಒಂದು ಸೂಚ್ಯಂಕವೇ, 1978–79ನ್ನು ನೂರು ಅಂತ ಇಟ್ಟು 30 ಕಂಪನಿ ಷೇರುಗಳಿಂದ ಕಟ್ಟಿದ್ದು. ಟಿವಿಯವರು ‘570 ಪಾಯಿಂಟ್ ಕುಸಿತ’ ಅಂತ ಕೆಂಪು ಪಟ್ಟಿ ಹಾಕಿದರೆ ಹೆದರಬೇಡಿ. 1992ರ ಏಪ್ರಿಲ್ 28ಕ್ಕೆ, ಹರ್ಷದ್ ಮೆಹ್ತಾ ಹಗರಣ ಹೊರಬಿದ್ದ ದಿನಗಳಲ್ಲಿ, ಸೆನ್ಸೆಕ್ಸ್ ಬಿದ್ದದ್ದೂ 570 ಪಾಯಿಂಟೇ. ಆಗ ಅದು ಶೇ 12ಕ್ಕೂ ಜಾಸ್ತಿ, ಜನ ನಿಜವಾಗಿ ಮುಳುಗಿದರು. ಸೂಚ್ಯಂಕ 80,000 ಇರುವಾಗ ಅದೇ 570 ಅಂದರೆ ಶೇ 0.7.

ಇನ್ನು ನಿಮ್ಮ ಸೈಟು. ಆದಾಯ ತೆರಿಗೆಯವರದು ಮತ್ತೊಂದು ಸೂಚ್ಯಂಕ, ವೆಚ್ಚ ಹಣದುಬ್ಬರ ಸೂಚ್ಯಂಕ ಅಂತ. 2001–02ಕ್ಕೆ 100, 2005–06ಕ್ಕೆ 117, 2025–26ಕ್ಕೆ 376. ಹಾಗಾಗಿ ‘ಅದೂ ಇದೂ ಒಂದೇನಾ’ ಅಂದರೆ ಅಲ್ಲ, ಆದರೆ ನೆಂಟರು. ಪೇಟೆಯ ಗ್ರಾಹಕ ಸೂಚ್ಯಂಕ ಎಷ್ಟು ಏರಿತೋ ಅದರ ಮುಕ್ಕಾಲು ಪಾಲು ಮಾತ್ರ ಇದರಲ್ಲಿ ಲೆಕ್ಕಕ್ಕೆ ಹಿಡಿಯುತ್ತಾರೆ. ಉಳಿದ ಕಾಲು ಪಾಲು ಏರಿಕೆಯ ಮೇಲೆ ಲಾಭ ಬಂತು ಅಂತ ನೀವು ತೆರಿಗೆ ಕಟ್ಟುತ್ತೀರಿ, ಲಾಭ ಬಂದಿರದಿದ್ದರೂ. ನನಗೆ ಇದು ಯಾವತ್ತೂ ನ್ಯಾಯ ಅನಿಸಿಲ್ಲ. ಮತ್ತೆ ಇದಕ್ಕೂ ಮೈಸೂರಿನ ಸೈಟು ಬೆಲೆಗೂ ಯಾವ ಸಂಬಂಧವೂ ಇಲ್ಲ.

5 ಲಕ್ಷಕ್ಕೆ ಕೊಂಡದ್ದು ಅಂತಿಟ್ಟುಕೊಳ್ಳಿ. 376ನ್ನು 117ರಿಂದ ಭಾಗಿಸಿ 5 ಲಕ್ಷದಿಂದ ಗುಣಿಸಿದರೆ ಕೊಂಡ ಬೆಲೆ 2025–26ರ ಲೆಕ್ಕದಲ್ಲಿ 16.07 ಲಕ್ಷ. 30 ಲಕ್ಷಕ್ಕೆ ಮಾರಿದರೆ ಲಾಭ 13.93 ಲಕ್ಷ, ಶೇ 20ರಂತೆ ತೆರಿಗೆ ಸುಮಾರು 2.79 ಲಕ್ಷ. 2024ರ ಜುಲೈ 23ರಿಂದ ನಿಯಮ ಬದಲಾಗಿದೆ, ಸೂಚ್ಯಂಕ ಇಲ್ಲದೆ ಶೇ 12.5. ಆದರೆ ಅದಕ್ಕಿಂತ ಮೊದಲು ಜಾಗ, ಮನೆ ಕೊಂಡ ನಮ್ಮ ದೇಶದ ನಿವಾಸಿಗಳಿಗೆ ಎರಡರಲ್ಲಿ ಯಾವುದರಲ್ಲಿ ತೆರಿಗೆ ಕಡಿಮೆಯೋ ಅದಕ್ಕೆ ಅವಕಾಶ ಇದೆ. ಹೊಸ ದಾರಿಯಲ್ಲಿ ಲಾಭ 25 ಲಕ್ಷ, ತೆರಿಗೆ 3.13 ಲಕ್ಷ. ಹಾಗಾಗಿ 30 ಲಕ್ಷಕ್ಕೆ ಹೋದರೆ ಹಳೆಯ ದಾರಿ ವಾಸಿ. ಅದೇ ಸೈಟು 45 ಲಕ್ಷಕ್ಕೆ ಹೋಯಿತು ಅನ್ನಿ, ಹಳೆಯ ದಾರಿಯಲ್ಲಿ 5.79 ಲಕ್ಷ, ಹೊಸದರಲ್ಲಿ 5 ಲಕ್ಷ. ಸೈಟಿನ ಬೆಲೆ ಸೂಚ್ಯಂಕವನ್ನು ಎಷ್ಟು ಹಿಂದೆ ಹಾಕಿದೆಯೋ ಅಷ್ಟು ಹೊಸ ದಾರಿ ಅನುಕೂಲ. ಸೆಸ್ಸು ಗಿಸ್ಸು ಇಲ್ಲಿ ಸೇರಿಸಿಲ್ಲ, ಆಡಿಟರ್ ಸೇರಿಸುತ್ತಾರೆ.

ನೋಂದಣಿ ಪತ್ರದ ತಾರೀಕು ಒಮ್ಮೆ ತೆಗೆದು ನೋಡಿ. 2006ರ ಮಾರ್ಚ್ 31ರೊಳಗೆ ಆಗಿದ್ದರೆ 117, ಮಾರನೇ ದಿನ ಆಗಿದ್ದರೆ 122. ಆಮೇಲೆ ಯಾವತ್ತಾದರೂ ಕಾಂಪೌಂಡ್ ಕಟ್ಟಿಸಿದ್ದರೆ, ಬೋರ್ ಹಾಕಿಸಿದ್ದರೆ, ಆ ಬಿಲ್ಲುಗಳನ್ನೂ ಹುಡುಕಿಡಿ, ಅವಕ್ಕೆ ಖರ್ಚು ಮಾಡಿದ ವರ್ಷದ ಸೂಚ್ಯಂಕ ಬೇರೆ ಹಾಕಬೇಕಾಗುತ್ತದೆ. ಈ ಗುಣಾಕಾರ ಭಾಗಾಕಾರ ಮಗಳ ಕೈಲಿ ಮಾಡಿಸಿ.